ನಲವತ್ತು ವರ್ಷ ತಡವಾಗಿ ‘ಸಾಗರ ಸಂಗಮಂ’: ಬಾಲು ಕುಣಿದದ್ದು ಯಾರ ಮುಂದೆ?

ಮೂಲ ಬರಹ: ತಡವಾಗಿ ನೋಡಿದವನು

ಕೆ. ವಿಶ್ವನಾಥ್ ಅವರ ನಿರ್ದೇಶನದಲ್ಲಿ 1983ರಲ್ಲಿ ತೆರೆಗೆ ಬಂದ ‘ಸಾಗರ ಸಂಗಮಂ’ ಎಂಬ ತೆಲುಗು ಚಿತ್ರವನ್ನು ನಾನು ಮೊದಲ ಬಾರಿಗೆ ಇಡಿಯಾಗಿ ನೋಡಿದ್ದು ಕಳೆದ ಶನಿವಾರ ರಾತ್ರಿ. ಇಡಿಯಾಗಿ ಎಂಬ ಮಾತನ್ನು ಬೇಕೆಂದೇ ಒತ್ತಿ ಹೇಳುತ್ತಿದ್ದೇನೆ. ಇದರ ಹಾಡುಗಳು ನನಗೆ ಬುದ್ಧಿ ತಿಳಿದಾಗಿನಿಂದ ಕಿವಿಗೆ ಬೀಳುತ್ತಲೇ ಇವೆ. ಕಮಲ್ ಹಾಸನ್ ಕುಡಿದ ಅಮಲಿನಲ್ಲಿ ಬಾವಿಕಟ್ಟೆಯ ಮೇಲೆ ಕುಣಿಯುವ ತುಣುಕನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಹೀಗಾಗಿ ಚಿತ್ರವನ್ನೇ ನೋಡಿದ್ದೇನೆ ಎಂಬ ಭ್ರಮೆಯಲ್ಲಿ ಇಷ್ಟು ವರ್ಷ ಕಳೆದುಬಿಟ್ಟಿದ್ದೆ. ತುಣುಕುಗಳನ್ನು ಅವುಗಳ ಜಾಗದಲ್ಲಿ ಇಟ್ಟು ನೋಡಿದಾಗ ಅವು ಬೇರೆಯದೇ ಮಾತು ಹೇಳುತ್ತವೆ ಎಂಬುದು ಶನಿವಾರ ರಾತ್ರಿ ಹನ್ನೆರಡರ ಸುಮಾರಿಗೆ ತಿಳಿಯಿತು.

ನೃತ್ಯದ ಚಿತ್ರವೆಂದರೆ ನಮ್ಮ ಮನಸ್ಸಿನಲ್ಲಿ ಒಂದು ಅಚ್ಚು ಮೊದಲೇ ಸಿದ್ಧವಾಗಿರುತ್ತದೆ. ಬಡ ಪ್ರತಿಭಾವಂತನೊಬ್ಬ ಇರುತ್ತಾನೆ, ಅವನನ್ನು ಗುರುತಿಸುವವರು ಸಿಗುತ್ತಾರೆ, ಅಡೆತಡೆಗಳು ಎದುರಾಗುತ್ತವೆ, ಕೊನೆಗೆ ತುಂಬಿದ ಸಭೆಯ ಎದುರು ಅವನ ಪ್ರದರ್ಶನ ನಡೆದು ಚಪ್ಪಾಳೆ ಮೊಳಗುತ್ತದೆ. ಈ ಚಿತ್ರದಲ್ಲಿ ಆ ಕೊನೆಯ ಪ್ರದರ್ಶನವೂ ಇದೆ, ಚಪ್ಪಾಳೆಯೂ ಇದೆ. ಆದರೆ ಅಲ್ಲಿ ಕುಣಿಯುವವಳು ಶಿಷ್ಯೆ ಶೈಲಜ, ಗುರು ಬಾಲು ಪಕ್ಕದಲ್ಲಿ ಕುಳಿತು ನೋಡುತ್ತಾನೆ. ಕಮಲ್ ಪಾತ್ರವಾದ ಕಥಾನಾಯಕ ಬಾಲಕೃಷ್ಣನಿಗೆ, ಅಂದರೆ ಈ ಬಾಲುವಿಗೆ, ನಮ್ಮ ಮಾತಿನಲ್ಲಿ ಹೇಳುವುದಾದರೆ, ರಂಗಪ್ರವೇಶವೇ ಆಗುವುದಿಲ್ಲ.

ಅವನು ಕುಣಿಯುವುದಾದರೂ ಎಲ್ಲೆಲ್ಲಿ ಎಂದು ನೋಡೋಣ. ತಾಯಿ ಅಡುಗೆ ಕೆಲಸಕ್ಕೆ ಹೋದ ಮದುವೆ ಮನೆಯಲ್ಲಿ, ಹೊರಗೆ ವೇದಿಕೆಯ ಮೇಲೆ ನರ್ತಕಿ ಮಂಜು ಭಾರ್ಗವಿ ತ್ಯಾಗರಾಜರ ಕೃತಿಗೆ ನರ್ತಿಸುತ್ತಿರುವಾಗ, ಇವನು ಒಳಗೆ ಪಾತ್ರೆಪಡಗಗಳ ನಡುವೆ ಅದೇ ಕೃತಿಗೆ ಕುಣಿಯುತ್ತಾನೆ. ಮತ್ತೊಂದು ಕಡೆ, ಕ್ಯಾಮೆರಾ ಹಿಡಿಯಲು ಬಾರದ ಪುಟ್ಟ ಹುಡುಗನೊಬ್ಬನ ಮುಂದೆ ಭಂಗಿಯ ಮೇಲೆ ಭಂಗಿ ಕೊಡುತ್ತಾನೆ; ಆ ಹುಡುಗ ತೆಗೆದ ಚಿತ್ರ ಒಂದೂ ನೆಟ್ಟಗೆ ಬರುವುದಿಲ್ಲ. ವಯಸ್ಸು ಇಳಿದ ಮೇಲೆ ಪತ್ರಿಕೆಯ ಕಚೇರಿಯಲ್ಲಿ, ಸಿಟ್ಟಿಗೆದ್ದು ಬಂದ ಹುಡುಗಿಯ ಎದುರು ಕುಣಿಯುತ್ತಾನೆ. ಆಮೇಲೆ ಬಾವಿಕಟ್ಟೆ, ಮಳೆ, ಹೆಂಡದ ಅಮಲು. ರಾಷ್ಟ್ರಮಟ್ಟದ ನೃತ್ಯೋತ್ಸವದಲ್ಲಿ ಅವನಿಗಾಗಿ ಕಾದಿದ್ದ ಜಾಗ ತಾಯಿಯ ಸಾವಿನಿಂದ ಕೈತಪ್ಪಿ ಹೋಗುತ್ತದೆ. ಅಂದರೆ ಅವನ ಪ್ರತಿಯೊಂದು ನೃತ್ಯಕ್ಕೂ ಜಾಗ ತಪ್ಪು, ಇಲ್ಲವೇ ಹೊತ್ತು ತಪ್ಪು, ಇಲ್ಲವೇ ನೋಡುವವರು ತಪ್ಪು. ತುಣುಕುಗಳಾಗಿ ನೋಡಿದಾಗ ಇದು ಹೊಳೆಯುವುದಕ್ಕೆ ಸಾಧ್ಯವೇ ಇರಲಿಲ್ಲ, ಏಕೆಂದರೆ ಮೊಬೈಲಿನ ತುಣುಕಿನಲ್ಲಿ ನೋಡುವವರು ನಾವೇ. ನಾವು ಚಪ್ಪಾಳೆ ತಟ್ಟಿ ಮುಂದೆ ಸಾಗುತ್ತೇವೆ.

ಪತ್ರಿಕಾ ಕಚೇರಿಯ ದೃಶ್ಯದ ಬಗ್ಗೆ ಇನ್ನೆರಡು ಮಾತು ಹೇಳಬೇಕು. ಶೈಲಜಳ ನೃತ್ಯವನ್ನು ಬಾಲು ಪತ್ರಿಕೆಯಲ್ಲಿ ಕಟುವಾಗಿ ವಿಮರ್ಶಿಸಿದ್ದಾನೆ. ಪಂಚಭೂತಗಳೇ ಶಿವನ ಐದು ಮುಖಗಳಾದವು ಎಂಬರ್ಥದ ಸಾಲಿಗೆ ಅವಳು ಹಿಡಿದ ಅಭಿನಯ ಸರಿಯಿಲ್ಲವೆಂಬುದು ಅವನ ತಕರಾರು. ಬರೆಯುವುದು ಸುಲಭ, ಕುಣಿದು ತೋರಿಸಿ ಎಂಬ ಸವಾಲು ಎದುರಾದಾಗ, ಆ ಕುಗ್ಗಿದ ಮನುಷ್ಯ ಮೇಜು ಕುರ್ಚಿಗಳ ನಡುವೆ ಎದ್ದು ನಿಂತು, ಅದೊಂದೇ ಸಾಲನ್ನು ಭರತನಾಟ್ಯದಲ್ಲಿ ಹೇಗೆ, ಕಥಕ್‌ನಲ್ಲಿ ಹೇಗೆ, ಕಥಕಳಿಯಲ್ಲಿ ಹೇಗೆ ಎಂದು ಒಂದರ ಹಿಂದೆ ಒಂದರಂತೆ ತೋರಿಸಿಬಿಡುತ್ತಾನೆ. ವೇಷವಿಲ್ಲ, ಬೆಳಕಿನ ಏರ್ಪಾಡಿಲ್ಲ, ಕಾಲಿಗೆ ಗೆಜ್ಜೆಯೂ ಇಲ್ಲ. ನಾನು ಆ ಭಾಗವನ್ನು ಹಿಂದಕ್ಕೆ ಸರಿಸಿ ಮೂರು ಸಲ ನೋಡಿದೆ. ಎರಡನೆಯ ಸಲಕ್ಕೆ ಕಂಡದ್ದೇನೆಂದರೆ, ಅವನ ಕೈಕಾಲುಗಳಿಗಿಂತ ಮೊದಲು ಬೆನ್ನು ಬದಲಾಗುತ್ತದೆ. ಕುಡಿತದಿಂದ ಬಾಗಿದ ಬೆನ್ನು ನೆಟ್ಟಗಾಗುವ ಆ ಅರೆಕ್ಷಣದಲ್ಲಿ ಹಳೆಯ ಬಾಲು ಎದ್ದು ಬರುತ್ತಾನೆ, ಮುಗಿದೊಡನೆ ಮತ್ತೆ ಮುದುಡಿ ಕೂರುತ್ತಾನೆ.

ನನ್ನ ಈ ಓದು ಸರಿಯೇ? ಅಥವಾ ತಡವಾಗಿ ನೋಡಿದವನ ಅತಿಬುದ್ಧಿಯೇ? ಮೊದಲೇ ನೋಡಿದವರು ತಿದ್ದಬೇಕೆಂದು ಕೋರುತ್ತೇನೆ.

ಉತ್ತರ: ಮುಂದಿನ ಬೆಂಚು

ನಾನು ಈ ಚಿತ್ರವನ್ನು ಬಿಡುಗಡೆಯಾದ ವರ್ಷವೇ ಚಿತ್ರಮಂದಿರದಲ್ಲಿ, ನನ್ನ ಹೆಸರೇ ಹೇಳುವಂತೆ ಮುಂದಿನ ಬೆಂಚಿನಲ್ಲಿ ಕುಳಿತು ನೋಡಿದವನು. ಆಗ ನನಗೆ ಹತ್ತೊಂಬತ್ತು ವರ್ಷ, ತೆಲುಗು ಅರೆಬರೆ ಅರ್ಥವಾಗುತ್ತಿತ್ತು. ತಾವು ಹೇಳಿದ ರಂಗಪ್ರವೇಶದ ಮಾತು ನನಗೆ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ. ಆದರೆ ನೋಡುವವರು ತಪ್ಪು ಎಂಬ ಮಾತನ್ನು ಪೂರ್ತಿ ಒಪ್ಪಲಾರೆ. ಬಾಲುವಿನ ಪ್ರತಿಭೆಯನ್ನು ಗುರುತಿಸಿ ಅವನನ್ನು ಪ್ರೀತಿಸಿದ ಮಾಧವಿಯನ್ನು ಎಲ್ಲಿ ಬಿಟ್ಟಿರಿ? ಆ ಹುಡುಗನ ಕ್ಯಾಮೆರಾ ಕೈಕೊಟ್ಟ ಕಡೆಯೇ ಮಾಧವಿಯ ಕ್ಯಾಮೆರಾ ಕೆಲಸ ಮಾಡುತ್ತದೆ. ಅವಳು ತೆಗೆದ ಚಿತ್ರಗಳಿಂದಲೇ ಬಾಲು ಯಾರೆಂಬುದು ಹೊರಜಗತ್ತಿಗೆ ತಿಳಿಯುತ್ತದೆ. ಮಾಧವಿ ಪಾತ್ರದ ಜಯಪ್ರದಾ ಇಡೀ ಚಿತ್ರದಲ್ಲಿ ಕುಣಿದದ್ದಕ್ಕಿಂತ ನೋಡಿದ್ದೇ ಹೆಚ್ಚು, ಮತ್ತು ಆ ನೋಟವನ್ನೇ ಅಭಿನಯವಾಗಿ ಮಾಡಿದ್ದಾರೆ. ಸಾವಿರ ಜನರ ಸಭೆ ಬಾಲುವಿಗೆ ಸಿಗಲಿಲ್ಲ, ನಿಜ. ಒಬ್ಬರ ಸಭೆ ಸಿಕ್ಕಿತು.

ಇನ್ನೊಂದು ವಿಷಯ ಸೇರಿಸುತ್ತೇನೆ. ಕಮಲ್ ಹುಟ್ಟಿದ್ದು 1954ರ ನವೆಂಬರಿನಲ್ಲಿ. ಅಂದರೆ ಈ ಚಿತ್ರದ ಹೊತ್ತಿಗೆ ಇಪ್ಪತ್ತೆಂಟರ ಯುವಕ. ತಮ್ಮನ್ನು ಮೂರು ಸಲ ಹಿಂದಕ್ಕೆ ಸರಿಸಿ ನೋಡುವಂತೆ ಮಾಡಿದ ಆ ಬಾಗಿದ ಬೆನ್ನು ಇಪ್ಪತ್ತೆಂಟರ ಬೆನ್ನು. ನಾಯಕನಾಗುವ ಮೊದಲು ಅವರು ತಂಗಪ್ಪನ್ ಎಂಬ ನೃತ್ಯ ನಿರ್ದೇಶಕರ ಬಳಿ ಸಹಾಯಕರಾಗಿದ್ದವರು. ಚಿತ್ರದೊಳಗಿನ ಬಾಲು ಹೊಟ್ಟೆಪಾಡಿಗೆ ಸಿನಿಮಾ ನೃತ್ಯದ ಸಹಾಯಕನಾಗಿ ಹೋಗಿ, ಅಲ್ಲಿನ ಕುಣಿತ ಸಹಿಸಲಾರದೆ ಹೊರಬರುತ್ತಾನಲ್ಲ, ಆ ಕೆಲಸದ ಒಳಹೊರಗು ಕಮಲ್‌ಗೆ ಚೆನ್ನಾಗಿಯೇ ಗೊತ್ತಿತ್ತು.

ಉತ್ತರ: ನಟ್ಟುವಾಂಗ

ಮೂರು ದಶಕಗಳಿಂದ ಭರತನಾಟ್ಯ ಕಲಿಸುತ್ತಿರುವವಳಾಗಿ ಪತ್ರಿಕಾ ಕಚೇರಿಯ ದೃಶ್ಯದ ಬಗ್ಗೆಯಷ್ಟೇ ಹೇಳುತ್ತೇನೆ. ಉಳಿದದ್ದನ್ನು ಚಿತ್ರ ಬಲ್ಲವರು ನೋಡಿಕೊಳ್ಳಲಿ.

ಮೂಲ ಬರಹದಲ್ಲಿ ಬೆನ್ನಿನ ಬಗ್ಗೆ ಬರೆದದ್ದು ಬಹಳ ಸರಿಯಾಗಿದೆ, ಬಹುಶಃ ಬರೆದವರಿಗೆ ಗೊತ್ತಿರುವುದಕ್ಕಿಂತಲೂ ಸರಿಯಾಗಿದೆ. ಆ ಮೂರು ಪದ್ಧತಿಗಳ ವ್ಯತ್ಯಾಸ ಮೊದಲು ಕಾಣುವುದೇ ದೇಹ ನಿಲ್ಲುವ ಬಗೆಯಲ್ಲಿ. ಭರತನಾಟ್ಯಕ್ಕೆ ಅರೆಮಂಡಿ ಬೇಕು: ಮೊಣಕಾಲು ಎರಡು ಬದಿಗೆ ಬಾಗಬೇಕು, ಸೊಂಟದಿಂದ ಮೇಲೆ ಬೆನ್ನು ಕಂಬದಂತೆ ನಿಲ್ಲಬೇಕು. ಕಥಕ್‌ನಲ್ಲಿ ನರ್ತಕ ನೆಟ್ಟಗೆ ನಿಲ್ಲುತ್ತಾನೆ. ತಾಳಕ್ಕೆ ಪಾದ ಬಡಿಯುವ ತತ್ಕಾರ್ ಮತ್ತು ಗಿರ್ರನೆ ತಿರುಗುವ ಚಕ್ಕರ್‌ಗಳಿಗೆ ಆ ನೇರವಾದ ನಿಲುವೇ ಆಧಾರ. ಕಥಕಳಿಯಲ್ಲಿ ಕಾಲುಗಳನ್ನು ಅಗಲಿಸಿ, ಪಾದದ ಹೊರ ಅಂಚಿನ ಮೇಲೆ ಭಾರ ಹಾಕಿ ನಿಲ್ಲುತ್ತಾರೆ, ಕೆಲಸದ ಬಹುಪಾಲನ್ನು ಕಣ್ಣು ಮತ್ತು ಹುಬ್ಬು ಹೊರುತ್ತವೆ. ಒಂದು ದೇಹ ಈ ಮೂರರ ನಡುವೆ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಬದಲಾಗಬೇಕೆಂದರೆ ಎಷ್ಟು ಕಷ್ಟವೆಂಬುದನ್ನು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಯಾರು ಬೇಕಾದರೂ ಪರೀಕ್ಷಿಸಿಕೊಳ್ಳಬಹುದು, ಮೊಣಕಾಲಿನ ಜವಾಬ್ದಾರಿ ನನ್ನದಲ್ಲ. ಕಮಲ್‌ಗೆ ಭರತನಾಟ್ಯದ ಅಭ್ಯಾಸ ಮೊದಲೇ ಇತ್ತು. ಕಥಕ್‌ನ ಹಿಂದೆ ಕಥಕ್ ನರ್ತಕ ಗೋಪಿಕೃಷ್ಣ ಅವರ ಕೈ ಇದೆ. 1955ರ ‘ಝನಕ್ ಝನಕ್ ಪಾಯಲ್ ಬಾಜೇ’ ನೋಡಿದವರಿಗೆ ಆ ಹೆಸರನ್ನು ಪರಿಚಯಿಸಬೇಕಿಲ್ಲ.

ಇನ್ನು ನನ್ನ ತಕರಾರು. ಅಭಿನಯದ ಹಳೆಯ ಸಂಸ್ಕೃತ ಗ್ರಂಥ ‘ಅಭಿನಯ ದರ್ಪಣ’ದಲ್ಲಿ ನಂದಿಕೇಶ್ವರ ಹೇಳುವ ಮಾತನ್ನು ನಾವು ಮಕ್ಕಳಿಗೆ ಮೊದಲ ವರ್ಷದಲ್ಲೇ ಬಾಯಿಪಾಠ ಮಾಡಿಸುತ್ತೇವೆ: ಕೈ ಹೋದೆಡೆ ದೃಷ್ಟಿ, ದೃಷ್ಟಿ ಹೋದೆಡೆ ಮನಸ್ಸು, ಮನಸ್ಸು ಹೋದೆಡೆ ಭಾವ, ಭಾವ ಹೋದೆಡೆ ರಸ. ಶೈಲಜಳಲ್ಲಿ ಬಾಲು ಕಂಡ ಕೊರತೆ ಇದೇ. ಕೈ ಹೋಗುತ್ತದೆ, ಮನಸ್ಸು ಹೋಗುವುದಿಲ್ಲ. ಅವನ ವಿಮರ್ಶೆಯನ್ನು ನಾನು ಒಪ್ಪುತ್ತೇನೆ, ಅವನು ತಿದ್ದುವ ರೀತಿಯನ್ನು ಒಪ್ಪುವುದಿಲ್ಲ. ನಾಲ್ಕು ಜನರ ಎದುರಿಗೆ ಬೆಳೆಯುವ ಹುಡುಗಿಗೆ ಮುಖಭಂಗ ಮಾಡುವುದು ವಿದ್ಯೆ ಕಲಿಸುವ ಕ್ರಮವಲ್ಲ. ಹಾಗೆ ತಿದ್ದಿಸಿಕೊಂಡ ಮಕ್ಕಳು ಮರುದಿನ ತರಗತಿಗೆ ಬರುವುದಿಲ್ಲ. ಚಿತ್ರ ಇದನ್ನು ಅರಿತೇ ಮಾಡಿದೆ ಎಂದು ನನಗನಿಸುತ್ತದೆ, ಏಕೆಂದರೆ ಮುಂದೆ ಶೈಲಜಳ ತಾಯಿಯಾದ ಮಾಧವಿ ಕೇಳಿಕೊಂಡ ಮೇಲೆ ಅವನು ಅದೇ ಹುಡುಗಿಗೆ ಗುರುವಾಗಬೇಕಾಗುತ್ತದೆ, ಆಗ ಅವನು ಗಟ್ಟಿ ದನಿಯಿಂದ ಗೆದ್ದದ್ದೇನೂ ಅವನ ಕೈ ಹಿಡಿಯುವುದಿಲ್ಲ.

ಉತ್ತರ: ಪದಚ್ಛೇದ

ನೃತ್ಯದ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಆದ್ದರಿಂದ ಚಿತ್ರದ ಹಾಡುಗಳನ್ನು ಬರೆದ ವೇಟೂರಿ ಸುಂದರರಾಮಮೂರ್ತಿಯವರ ಸಾಹಿತ್ಯದ ಎರಡು ಜಾಗಗಳನ್ನು ತೋರಿಸಿ ಸುಮ್ಮನಾಗುತ್ತೇನೆ.

ಮೊದಲನೆಯದು ‘ನಾದ ವಿನೋದಮು’ ಹಾಡಿನ ಆರಂಭದಲ್ಲಿ ಬರುವ ಕಾಳಿದಾಸನ ಶ್ಲೋಕ. ರಘುವಂಶದ ಮೊದಲ ಪದ್ಯವಾದ ‘ವಾಗರ್ಥಾವಿವ ಸಂಪೃಕ್ತೌ’ ಎಲ್ಲರಿಗೂ ತಿಳಿದದ್ದೇ. ಅದು ಮುಗಿಯುವುದು ‘ಪಾರ್ವತೀಪರಮೇಶ್ವರೌ’ ಎಂದು. ಎಸ್. ಪಿ. ಬಾಲಸುಬ್ರಹ್ಮಣ್ಯಂ ಆ ಕೊನೆಯ ಪದವನ್ನು ಒಮ್ಮೆ ಹಾಗೆಯೇ ಹಾಡಿ, ಮರಳಿ ಹಾಡುವಾಗ ‘ಪಾರ್ವತೀಪ ರಮೇಶ್ವರೌ’ ಎಂದು ಒಡೆಯುತ್ತಾರೆ. ಅನೇಕರು ಇದನ್ನು ಉಸಿರಿಗಾಗಿ ನಿಲ್ಲಿಸಿದ ತಪ್ಪೆಂದೇ ತಿಳಿದಿದ್ದಾರೆ. ಪಾರ್ವತೀಪ ಎಂದರೆ ಪಾರ್ವತಿಯ ಪತಿ ಶಿವ, ರಮೇಶ್ವರ ಎಂದರೆ ರಮೆಯ ಒಡೆಯ ವಿಷ್ಣು. ಒಂದು ಅಕ್ಷರ ಅತ್ತಿಂದಿತ್ತ ಸರಿದರೆ ಗಂಡಹೆಂಡಿರ ಜೋಡಿ ಹೋಗಿ ಹರಿಹರರ ಜೋಡಿ ಬರುತ್ತದೆ. ‘ಪಿತರೌ’ ಎಂಬ ಪದವೂ ಅದಕ್ಕೆ ತಕ್ಕಂತೆ ಮೊದಲು ತಾಯಿತಂದೆ ಎಂದಾದದ್ದು ಆಮೇಲೆ ಇಬ್ಬರು ತಂದೆಯರು ಎಂದಾಗುತ್ತದೆ. ಹಾಡು ಕೇಳುತ್ತಾ ತಲೆದೂಗುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಇದನ್ನು ದಾಟಿಯೇ ಹೋಗುತ್ತಾರೆ, ನಾನೂ ಇಪ್ಪತ್ತು ವರ್ಷ ದಾಟಿ ಹೋಗಿದ್ದೆ.

ಎರಡನೆಯದು ಬಾವಿಕಟ್ಟೆಯ ಹಾಡು. ತೆಲುಗು ಬಾರದ ಕನ್ನಡಿಗನಿಗೂ ಇದು ಅರ್ಧ ತಿಳಿಯುವಂಥದ್ದು, ಏಕೆಂದರೆ ನಮ್ಮ ‘ತಡಬಡಿಸು’ ಎಂಬ ಮಾತೇ ಅಲ್ಲಿಯೂ ಇದೆ. ಹೆಜ್ಜೆ ತಡಬಡಿಸಿದರೂ ತಾಳ ತಪ್ಪಿಲ್ಲ ಎಂಬುದು ಆ ಪಲ್ಲವಿಯ ಭಾವ. ಹಾಡು ಶುರುವಾಗುವುದೇ ‘ತಕಿಟ ತದಿಮಿ’ ಎಂದು. ‘ತಕಿಟ’ ಎಂಬುದು ತಾಳಕ್ಕೆ ಹೇಳುವ ಮೂರಕ್ಷರದ ಸೊಲ್ಲು, ‘ತದಿಮಿ’ ಎಂಬುದೂ ಮೂರಕ್ಷರ. ನಾಲಗೆ ತೊದಲುವಷ್ಟು ಕುಡಿದವನ ಬಾಯಲ್ಲಿ ಉಳಿದಿರುವುದು ಚಿಕ್ಕಂದಿನಲ್ಲಿ ಕಲಿತ ಸೊಲ್ಲುಕಟ್ಟು. ಮೂಲ ಬರಹದವರು ಹೇಳಿದ ಕೈತಪ್ಪಿದ ವೇದಿಕೆಯನ್ನು ವೇಟೂರಿ ಒಂದೇ ಸಾಲಿನಲ್ಲಿ ಅಡಗಿಸಿಬಿಟ್ಟಿದ್ದಾರೆ: ಜೀವನದಲ್ಲಿ ಹೆಜ್ಜೆ ತಪ್ಪಿತು, ತಾಳ ತಪ್ಪಲಿಲ್ಲ.

ಒಂದು ಪ್ರಶ್ನೆಯೂ ಇದೆ. ‘ನಾದ ವಿನೋದಮು’ ಹಾಡಿನಲ್ಲಿ ಬಾಲು ಮತ್ತು ಮಾಧವಿ ಪೂರ್ಣ ವೇಷಭೂಷಣದಲ್ಲಿ ನರ್ತಿಸುತ್ತಾರಲ್ಲ? ಅದನ್ನು ತಾವು ನಿಮ್ಮ ಪಟ್ಟಿಯಿಂದ ಬಿಟ್ಟದ್ದೇಕೆ?

ಉತ್ತರ: ತಡವಾಗಿ ನೋಡಿದವನು

ಎಲ್ಲರಿಗೂ ವಂದನೆಗಳು. ಪದಚ್ಛೇದ ಅವರ ಪ್ರಶ್ನೆ ನೇರವಾಗಿ ನನ್ನ ವಾದದ ಬುಡಕ್ಕೇ ಬಂದಿದೆ. ಆ ಹಾಡನ್ನು ನಾನು ಬಿಟ್ಟದ್ದು ಮರೆವಿನಿಂದಲ್ಲ. ನಾನು ಅದನ್ನು ಇಬ್ಬರ ಮನಸ್ಸಿನಲ್ಲಿ ನಡೆಯುವ ನೃತ್ಯವೆಂದು ತೆಗೆದುಕೊಂಡೆ. ಕಥೆಯ ಮುಂದಿನ ನಡೆ ಅದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಅಂಥ ಪ್ರದರ್ಶನವೊಂದು ನಡೆದಿತ್ತು ಎಂದು ಯಾರೂ ನೆನೆಯುವುದಿಲ್ಲ. ನಮ್ಮ ಚಿತ್ರಗಳಲ್ಲಿ ಹಾಡಿಗೆ ಹೀಗೊಂದು ಬೇರೆ ಲೋಕವನ್ನು ಬಿಟ್ಟುಕೊಡುವ ರೂಢಿ ಇದ್ದೇ ಇದೆ, ನೋಡುವ ನಾವೂ ಅದರ ಬಗ್ಗೆ ಲೆಕ್ಕ ಕೇಳುವುದಿಲ್ಲ. ಅದನ್ನು ನಿಜವಾದ ಪ್ರದರ್ಶನವೆಂದೇ ಹಿಡಿಯುವುದಾದರೆ ನನ್ನ ಮಾತು ಸ್ವಲ್ಪ ಸಡಿಲವಾಗುತ್ತದೆ, ಒಪ್ಪುತ್ತೇನೆ. ಆದರೂ ಅವನು ಕನಸು ಕಂಡ ಉತ್ಸವದ ವೇದಿಕೆ ಅವನಿಗೆ ದಕ್ಕಲಿಲ್ಲ ಎಂಬಲ್ಲಿ ಬದಲಾವಣೆಯಿಲ್ಲ.

ಮುಂದಿನ ಬೆಂಚು ಅವರು ಮಾಧವಿಯ ಬಗ್ಗೆ ಹೇಳಿದ್ದನ್ನು ಓದಿದ ಮೇಲೆ ಉತ್ಸವದ ಪುಸ್ತಿಕೆಯ ದೃಶ್ಯ ಮತ್ತೆ ಕಣ್ಣಮುಂದೆ ಬಂತು. ಮೊದಲ ಬರಹದಲ್ಲಿ ಅದನ್ನು ಬೇಕೆಂದೇ ಬಿಟ್ಟಿದ್ದೆ, ಬರೆಯಲು ಧೈರ್ಯವಾಗಿರಲಿಲ್ಲ. ಮಾಧವಿ ಕೊಟ್ಟ ಪುಸ್ತಿಕೆಯ ಪುಟಗಳನ್ನು ಬಾಲು ತಿರುವುತ್ತಾನೆ. ಒಂದೊಂದು ಪುಟದಲ್ಲಿ ಒಬ್ಬೊಬ್ಬ ಹಿರಿಯ ಕಲಾವಿದರ ಚಿತ್ರ. ಅವನು ಭಕ್ತಿಯಿಂದ ನೋಡುತ್ತಾ ಹೋಗುತ್ತಾನೆ. ಹೀಗೆ ತಿರುವುತ್ತಿರುವಾಗ ತನ್ನದೇ ಚಿತ್ರ ಬರುತ್ತದೆ. ಆ ಕ್ಷಣದಲ್ಲಿ ಕಮಲ್ ಏನು ಮಾಡುತ್ತಾರೆಂಬುದನ್ನು ವಿವರಿಸಲು ಹೊರಟರೆ ಕೆಡುತ್ತದೆ. ನಗು ಮತ್ತು ಅಳು ಒಂದನ್ನೊಂದು ತಳ್ಳಿಕೊಂಡು ಬರುತ್ತವೆ, ಯಾವುದಕ್ಕೂ ದಾರಿ ಸಿಗುವುದಿಲ್ಲ ಎಂದಷ್ಟೇ ಹೇಳುತ್ತೇನೆ. ಈಗ ಯೋಚಿಸಿದರೆ ಅನಿಸುವುದು ಇದು: ಅವನ ಪಾಲಿಗೆ ಬಂದ ವೇದಿಕೆ ಆ ಒಂದು ಪುಟ. ಚಿತ್ರದಲ್ಲಿ ಅವನ ಛಾಯಾಚಿತ್ರ ತಲುಪಿದ ಕಡೆಗೆ ಅವನು ತಲುಪಲಿಲ್ಲ.

ಉತ್ತರ: ಒಪ್ಪದವಳು

ಎಲ್ಲರೂ ಒಂದೇ ದಿಕ್ಕಿಗೆ ತಲೆಯಾಡಿಸುತ್ತಿರುವುದರಿಂದ ಬೇರೆ ಮಾತು ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾನೂ ಇದನ್ನು ಈಚೆಗೆ, ಎರಡು ವರ್ಷದ ಹಿಂದೆ ಮೊದಲ ಬಾರಿಗೆ ನೋಡಿದವಳು. ನೃತ್ಯ, ಇಳಯರಾಜರ ಸಂಗೀತ, ಕಮಲ್‌ರ ಅಭಿನಯ, ಇವುಗಳ ಬಗ್ಗೆ ನನ್ನದೂ ಜಗಳವಿಲ್ಲ. ನನ್ನ ಜಗಳ ಮಾಧವಿಯನ್ನು ನಡೆಸಿಕೊಂಡ ರೀತಿಯ ಬಗ್ಗೆ.

ಬಿಟ್ಟುಹೋಗಿದ್ದ ಗಂಡ ಹಿಂದಿರುಗಿ ಬರುತ್ತಾನೆ. ಅವನು ಮಾಧವಿ ಬಾಲುವನ್ನು ಪ್ರೀತಿಸುತ್ತಾಳೆಂದು ತಿಳಿದು ಇವರಿಬ್ಬರನ್ನು ಒಂದುಗೂಡಿಸಲು ಸಿದ್ಧನಿದ್ದಾನೆ. ಬಾಲು ಅದನ್ನು ಒಪ್ಪದೆ ಅವಳನ್ನು ಗಂಡನ ಜೊತೆ ಕಳಿಸಿಕೊಡುತ್ತಾನೆ. ಇಬ್ಬರು ಗಂಡಸರು ಒಬ್ಬರಿಗಿಂತ ಒಬ್ಬರು ದೊಡ್ಡ ಮನಸ್ಸಿನವರೆಂದು ತೋರಿಸಿಕೊಳ್ಳುವ ಈ ಸ್ಪರ್ಧೆಯಲ್ಲಿ ಯಾರಾದರೂ ಮಾಧವಿಯನ್ನು ಕೇಳಿದರೇ? ತ್ಯಾಗ ಮಾಡುವವನು ಬಾಲು, ಆ ತ್ಯಾಗವನ್ನು ಜೀವಮಾನವಿಡೀ ಹೊರುವವಳು ಅವಳು. ಆಮೇಲೆ ವಿಧವೆಯಾಗಿ ಹಿಂದಿರುಗಿದಾಗ ಬಾಲುವಿಗೆ ನೋವಾದೀತೆಂದು ಹಣೆಗೆ ಕುಂಕುಮವಿಟ್ಟು ಅದನ್ನು ಮುಚ್ಚಿಡುವ ಕೆಲಸವೂ ಅವಳದ್ದೇ. ಬಾವಿಕಟ್ಟೆಯ ಮಳೆಯಲ್ಲಿ ಆ ಕುಂಕುಮ ತೊಳೆದುಹೋಗದಂತೆ ಬಾಲು ತನ್ನ ಅಂಗೈಯನ್ನು ಅಡ್ಡ ಹಿಡಿಯುವುದನ್ನು ನೋಡಿ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ನಾನೂ ಒರೆಸಿಕೊಂಡೆ, ಒರೆಸಿಕೊಂಡ ಮೇಲೆ ಸಿಟ್ಟು ಬಂತು. ಗಂಡ ಸತ್ತ ಹೆಂಗಸು ಕುಂಕುಮವಿಡುವುದು ಇಷ್ಟು ದೊಡ್ಡ ಗುಟ್ಟಾಗಬೇಕಾದ ಲೋಕದ ಬಗ್ಗೆ ಚಿತ್ರ ಒಂದು ಪ್ರಶ್ನೆಯನ್ನೂ ಎತ್ತುವುದಿಲ್ಲ, ಆ ಲೋಕದಿಂದ ಕಣ್ಣೀರನ್ನು ಮಾತ್ರ ತೆಗೆದುಕೊಳ್ಳುತ್ತದೆ.

ಇನ್ನೊಂದು ಚಿಕ್ಕ ಮಾತು. ಸಿನಿಮಾ ನೃತ್ಯ ಕೀಳು, ಶಾಸ್ತ್ರೀಯ ನೃತ್ಯ ಮೇಲು ಎಂಬ ಪಾಠವನ್ನು ಒಂದು ಸಿನಿಮಾ, ಅದರಲ್ಲೂ ಹಾಡುಗಳಿಂದಲೇ ಗೆದ್ದ ಸಿನಿಮಾ ಹೇಳುವುದು ನನಗೆ ತುಸು ತಮಾಷೆಯಾಗಿ ಕಾಣುತ್ತದೆ.

ಉತ್ತರ: ಮುಂದಿನ ಬೆಂಚು

ಒಪ್ಪದವಳು ಅವರ ಮೊದಲ ಆಕ್ಷೇಪಕ್ಕೆ ನನ್ನ ಬಳಿ ಉತ್ತರವಿಲ್ಲ. ಅಂದು ಚಿತ್ರಮಂದಿರದಲ್ಲಿ ಮಾಧವಿಯನ್ನು ಕಳಿಸಿಕೊಡುವ ದೃಶ್ಯಕ್ಕೆ ಹಿಂದಿನ ಸಾಲುಗಳಿಂದ ಚಪ್ಪಾಳೆ ಬಿದ್ದದ್ದು ನೆನಪಿದೆ, ನಾನೂ ತಟ್ಟಿದ್ದೆ. ಈಗ ಮಗಳ ಜೊತೆ ಕುಳಿತು ನೋಡಿದರೆ ತಟ್ಟುವುದಕ್ಕೆ ಕೈ ಬರಲಾರದು.

ಸಿನಿಮಾ ನೃತ್ಯದ ಬಗ್ಗೆ ಮಾತ್ರ ವಿಶ್ವನಾಥರ ಪರವಾಗಿ ಒಂದು ಮಾತು. ಅವರು ಚಿತ್ರರಂಗಕ್ಕೆ ಬಂದದ್ದು ಮದ್ರಾಸಿನ ವಾಹಿನಿ ಸ್ಟುಡಿಯೋದಲ್ಲಿ ಧ್ವನಿಮುದ್ರಣದ ಕೆಲಸಕ್ಕೆ. ಹೊರಗಿನಿಂದ ಬಂದು ಸಿನಿಮಾವನ್ನು ಕೀಳೆಂದವರಲ್ಲ, ಒಳಗೇ ಬೆಳೆದವರು. 1980ರ ‘ಶಂಕರಾಭರಣಂ’ ಮೂಲಕ ಶಾಸ್ತ್ರೀಯ ಸಂಗೀತವನ್ನೇ ನೆಚ್ಚಿಕೊಂಡ ಚಿತ್ರವನ್ನು ಜನ ನೋಡುತ್ತಾರೆಂದು ತೋರಿಸಿಕೊಟ್ಟ ಮೂರು ವರ್ಷಕ್ಕೆ ಈ ಚಿತ್ರ ಬಂತು. ಎರಡಕ್ಕೂ ನಿರ್ಮಾಪಕರು ಏಡಿದ ನಾಗೇಶ್ವರರಾವ್ ಅವರೇ. ಆ ಜಗಳ ಮನೆಯೊಳಗಿನ ಜಗಳ.

ಉತ್ತರ: ಮೌನ ಓದುಗ

ಇನ್ನೂ ನೋಡದವರು ತೆಲುಗಿನಲ್ಲಿ ನೋಡಬೇಕೇ, ತಮಿಳಿನಲ್ಲಿ ನೋಡಬೇಕೇ? ನನಗೆ ಎರಡೂ ಅಷ್ಟಕ್ಕಷ್ಟೆ.

ಉತ್ತರ: ಪದಚ್ಛೇದ

ತೆಲುಗಿನಲ್ಲೇ ನೋಡಿರಿ. ತಮಿಳಿನ ‘ಸಲಂಗೈ ಒಲಿ’ ಇದೇ ಚಿತ್ರಕ್ಕೆ ಧ್ವನಿ ಬದಲಿಸಿದ ರೂಪ. ಹೆಸರುಗಳನ್ನು ಹೋಲಿಸಿ ನೋಡುವುದು ಚೆನ್ನಾಗಿದೆ: ತಮಿಳಿನದು ಗೆಜ್ಜೆಯ ಸದ್ದು, ಕಿವಿಗೆ ಕೂಡಲೇ ಕೇಳಿಸುತ್ತದೆ, ತೆಲುಗಿನದು ಕಡಲಿನ ಸಂಗಮ, ಕೇಳಿದವನು ಸ್ವಲ್ಪ ನಿಂತು ಯೋಚಿಸಬೇಕು. ಕನ್ನಡಿಗರ ಕಿವಿಗೆ ವೇಟೂರಿಯವರ ಸಂಸ್ಕೃತಭರಿತ ತೆಲುಗು ಹತ್ತಿರವೇ ಆಗುತ್ತದೆ. ಅಡಿಬರಹ ಇದ್ದರೆ ಸಾಕು, ಹಾಡು ಬಂದಾಗ ಅದನ್ನೂ ಓದಬೇಡಿರಿ.

ಉತ್ತರ: ನಟ್ಟುವಾಂಗ

ಯಾರೂ ಶೈಲಜ ಪಾತ್ರ ಮಾಡಿದವರ ಬಗ್ಗೆ ಮಾತಾಡದಿರುವುದರಿಂದ ಮತ್ತೆ ಬಂದೆ. ಎಸ್. ಪಿ. ಶೈಲಜಾ ಅವರು ಗಾಯಕಿ, ಬಾಲಸುಬ್ರಹ್ಮಣ್ಯಂ ಅವರ ತಂಗಿ. ಭರತನಾಟ್ಯ ಕಲಿತಿದ್ದರು ಎಂಬುದು ಅವರ ನಿಲುವಿನಲ್ಲೇ ಕಾಣುತ್ತದೆ. ಕೊನೆಯ ‘ವೇದಂ ಅಣುವಣುವುನ’ ಹಾಡನ್ನು ಅಣ್ಣತಂಗಿ ಇಬ್ಬರೂ ಹಾಡಿದ್ದಾರೆ, ರಾಗ ಹಂಸಾನಂದಿ. ತೆರೆಯ ಮೇಲೆ ಶಿಷ್ಯೆ ಕುಣಿಯುತ್ತಿದ್ದಾಳೆ, ಗುರು ಜೀವ ಹಿಡಿದುಕೊಂಡು ನೋಡುತ್ತಿದ್ದಾನೆ, ಅಣ್ಣನ ದನಿ ತಂಗಿಯನ್ನು ನಡೆಸಿಕೊಂಡು ಹೋಗುತ್ತಿದೆ. ಆ ವರ್ಷದ ರಾಷ್ಟ್ರಪ್ರಶಸ್ತಿ ಈ ಚಿತ್ರಕ್ಕಾಗಿ ಇಳಯರಾಜರಿಗೂ ಬಂತು, ಬಾಲಸುಬ್ರಹ್ಮಣ್ಯಂ ಅವರಿಗೂ ಬಂತು.

ಗುರುವಾಗಿ ನನ್ನನ್ನು ಕಾಡುವುದು ಇದು. ನಮ್ಮ ಮಕ್ಕಳ ರಂಗಪ್ರವೇಶದ ದಿನ ನಾನು ವೇದಿಕೆಯ ಬದಿಯಲ್ಲಿ ತಾಳ ಹಿಡಿದು ಕುಳಿತಿರುತ್ತೇನೆ. ಬೆಳಕೆಲ್ಲ ಮಗುವಿನ ಮೇಲೆ. ಮಗು ಅರೆಮಂಡಿಗೆ ಇಳಿದಾಗ ಕುಳಿತಲ್ಲೇ ನನ್ನ ಮೊಣಕಾಲು ಬಿಗಿಯುತ್ತದೆ, ಮಗು ಕಣ್ಣು ತಿರುಗಿಸಿದಾಗ ನನ್ನ ಕಣ್ಣೂ ತಿರುಗುತ್ತದೆ. ಆ ಹೊತ್ತಿನಲ್ಲಿ ಕುಣಿಯುತ್ತಿರುವವರು ಯಾರೆಂದು ಕೇಳಿದರೆ ಹೇಳುವುದು ಕಷ್ಟ. ಆದ್ದರಿಂದ ಬಾಲುವಿಗೆ ರಂಗಪ್ರವೇಶವಾಗಲಿಲ್ಲ ಎಂಬ ಮೂಲ ಬರಹದ ಮಾತನ್ನು ನೃತ್ಯ ಕಲಿಸುವವರು ಯಾರೂ ಪೂರ್ತಿ ಒಪ್ಪಲಾರರು ಎಂದು ನನ್ನ ಅನಿಸಿಕೆ.

ಉತ್ತರ: ತಡವಾಗಿ ನೋಡಿದವನು

ನಟ್ಟುವಾಂಗ ಅವರ ಮಾತಿಗೆ ಎದುರು ಹೇಳುವ ಅರ್ಹತೆ ನನಗಿಲ್ಲ, ಒಪ್ಪಿಕೊಂಡು ಕೈಮುಗಿಯುತ್ತೇನೆ.

ನಿನ್ನೆ ರಾತ್ರಿ ಕೊನೆಯ ಇಪ್ಪತ್ತು ನಿಮಿಷಗಳನ್ನು ಮತ್ತೆ ನೋಡಿದೆ. ಒಪ್ಪದವಳು ಅವರ ಸಿಟ್ಟು ತಲೆಯಲ್ಲಿದ್ದುದರಿಂದ ಈ ಸಲ ಬಾಲುವನ್ನೂ ಶೈಲಜಳನ್ನೂ ಬಿಟ್ಟು ಮಾಧವಿ ಎಲ್ಲಿದ್ದಾಳೆ ಎಂದಷ್ಟೇ ನೋಡಿದೆ. ಬಾಲುವಿನ ಪ್ರಾಣ ಹೋದ ಮೇಲೆ ಗೆಳೆಯ ರಘು ಅವನನ್ನು ಗಾಲಿಕುರ್ಚಿಯಲ್ಲಿ ಹೊರಗೆ ಕರೆದೊಯ್ಯುತ್ತಾನೆ, ಹೊರಗೆ ಮಳೆ. ರಘು ಪಾತ್ರದ ಶರತ್ ಬಾಬು ಅಲ್ಲಿ ಒಂದು ಮಾತನ್ನೂ ಆಡುವುದಿಲ್ಲ, ಆ ಮೌನ ನನಗೆ ಮೊದಲ ಸಲವೇ ಹಿಡಿಸಿತ್ತು. ಮಾಧವಿ ಅವರ ಹಿಂದೆ ಕೊಡೆ ಹಿಡಿದು ಬರುತ್ತಾಳೆ, ಕೊಡೆ ಇರುವುದು ಅವನ ಮೇಲೆ. ಬಾವಿಕಟ್ಟೆಯ ಹತ್ತಿರ ಮಳೆಗೆ ಅವನ ಅಂಗೈ ಅವಳ ಹಣೆಗೆ ಅಡ್ಡ ಬಂದಿತ್ತು. ಇಲ್ಲಿ ಮಳೆಯಿಂದ ಕೆಡುವಂಥದ್ದು ಅವನಲ್ಲಿ ಏನೂ ಉಳಿದಿಲ್ಲ, ಆದರೂ ಅವಳು ಕೊಡೆ ಹಿಡಿಯುತ್ತಾಳೆ. ಇದನ್ನು ಮಾಡೆಂದು ಅವಳಿಗೆ ಯಾರೂ ಹೇಳಿದ್ದಿಲ್ಲ, ಇದಕ್ಕಾಗಿ ಅವಳು ಯಾರನ್ನೂ ಕೇಳಿದ್ದೂ ಇಲ್ಲ.

ಉತ್ತರ: ಒಪ್ಪದವಳು

ಆ ಎರಡು ಮಳೆಗಳನ್ನು ನಾನು ಜೋಡಿಸಿ ನೋಡಿರಲಿಲ್ಲ, ಈ ವಾರ ಮತ್ತೆ ನೋಡುತ್ತೇನೆ. ಗಂಡನ ಜೊತೆ ಕಳಿಸಿಕೊಟ್ಟದ್ದರ ಬಗ್ಗೆ ನನ್ನ ಮಾತು ಮಾತ್ರ ಹಾಗೆಯೇ ಇದೆ.